ಮುಂದಿನ ಶನಿವಾರ ಏನು ಮಾಡೋಣ?



ನಿಮ್ಮ ಶಾಲೆಯಲ್ಲೋ ಕಾಲೇಜಿನಲ್ಲೋ ಎಲೆಕ್ಟ್ರಾನಿಕ್ಸ್ ಕೂಟವೋ ಕಂಪ್ಯೂಟರ್ ಸಂಘವೋ ಇದ್ದರೆ, ಅದು ಉದ್ಘಾಟನೆಯಾದ ದಿನವನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ದೀಪ, ಹಾರ, ಅತಿಥಿಗಳ ಭಾಷಣ, ಕೊನೆಗೆ ಗುಂಪು ಛಾಯಾಚಿತ್ರ, ಎಲ್ಲವೂ ಇದ್ದಿರುತ್ತದೆ. ನೂರು ಜನ ಹೆಸರು ಬರೆಸಿರುತ್ತಾರೆ. ಎರಡನೆಯ ಸಭೆಗೆ ‘ರಾಷ್ಟ್ರದ ಪ್ರಗತಿಯಲ್ಲಿ ತಂತ್ರಜ್ಞಾನದ ಪಾತ್ರ’ ಎಂಬ ಉಪನ್ಯಾಸ. ಮೂವತ್ತು ಜನ ಬರುತ್ತಾರೆ. ಮೂರನೆಯದಕ್ಕೆ ‘ಉಪಗ್ರಹ ಸಂಪರ್ಕ: ಒಂದು ನೋಟ’, ಏಳು ಜನ, ಅವರಲ್ಲಿ ಇಬ್ಬರು ಪದಾಧಿಕಾರಿಗಳು. ನಾಲ್ಕನೆಯ ಸಭೆ ನಡೆಯುವುದೇ ಇಲ್ಲ. ಬೀರುವಿನ ಬೀಗದ ಕೈ ಅಟೆಂಡರ್ ಬಳಿ ಉಳಿಯುತ್ತದೆ, ಬೀರುವಿನೊಳಗೆ ಸಾಲ್ಡರಿಂಗ್ ಐರನ್ನಿನ ತುದಿಗೆ ತುಕ್ಕು ಹತ್ತುತ್ತದೆ. ನಾನು ವಿದ್ಯಾರ್ಥಿಯಾಗಿದ್ದಾಗ ಇಂಥದೇ ಒಂದು ಕೂಟದ ಕಾರ್ಯದರ್ಶಿಯಾಗಿದ್ದೆ. ಅದು ಮುಚ್ಚಿದ ಬಗೆ ಹೀಗೆಯೇ. ಆ ಉಪನ್ಯಾಸಗಳ ವಿಷಯಗಳನ್ನು ಆರಿಸಿದವನು ಬೇರೆ ಯಾರೂ ಅಲ್ಲ, ನಾನೇ.

ಆಗ ನಾವು ಹೇಳಿಕೊಂಡದ್ದು, ಹುಡುಗರಿಗೆ ಆಸಕ್ತಿ ಇಲ್ಲ, ಹಣ ಇಲ್ಲ, ಪರೀಕ್ಷೆ ಹತ್ತಿರ ಬಂತು ಎಂದು. ಮೂರೂ ಅರ್ಧ ನಿಜ. ಆದರೆ ನೂರು ಜನ ಹೆಸರು ಬರೆಸಿದ್ದರಷ್ಟೆ? ಆಸಕ್ತಿ ಇಲ್ಲದವರು ಬರೆಸುತ್ತಿರಲಿಲ್ಲ. ಅವರು ಏನನ್ನೋ ಕೈಯಾರೆ ಮಾಡಲು ಬಂದಿದ್ದರು, ನಾವು ಅವರನ್ನು ಬೆಂಚಿನ ಮೇಲೆ ಕೂರಿಸಿ ಇನ್ನೊಂದು ಪಾಠ ಕೇಳಿಸಿದೆವು. ದಿನಕ್ಕೆ ಆರು ಪಾಠ ಕೇಳಿದ ಮೇಲೆ ಏಳನೆಯದಕ್ಕೆ ಸ್ವಂತ ಇಷ್ಟದಿಂದ ಯಾರು ಬರುತ್ತಾರೆ? ಆದ್ದರಿಂದ ಮುಂದಿನ ಶನಿವಾರ ಏನು ಮಾಡುವುದು ಎಂಬ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೂಟ ಉಳಿಯುವುದೂ ಅಳಿಯುವುದೂ ಬಹುಪಾಲು ಅದರ ಮೇಲೆಯೇ.

ಹವ್ಯಾಸಿಗಳ ಕೂಟವೊಂದು ಹೇಗೆ ನಡೆಯಬಹುದು ಎಂಬುದಕ್ಕೆ ಪ್ರಸಿದ್ಧವಾದ ಒಂದು ಉದಾಹರಣೆ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಮೆನ್ಲೊ ಪಾರ್ಕ್ ಎಂಬ ಊರು. 1975ರ ಮಾರ್ಚ್ 5ರ ಸಂಜೆ, ಗಾರ್ಡನ್ ಫ್ರೆಂಚ್ ಎಂಬವರ ಮನೆಯ ಕಾರು ನಿಲ್ಲಿಸುವ ಕೋಣೆಯಲ್ಲಿ ಮೂವತ್ತರಷ್ಟು ಜನ ಸೇರಿದರು. ಕರೆದವರು ಫ್ರೆಂಚ್ ಮತ್ತು ಫ್ರೆಡ್ ಮೂರ್. ಆ ಜನವರಿಯಲ್ಲಿ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಪತ್ರಿಕೆಯ ಮುಖಪುಟದಲ್ಲಿ ಆಲ್ಟೇರ್ 8800 ಎಂಬ ಕಂಪ್ಯೂಟರಿನ ಚಿತ್ರ ಬಂದಿತ್ತು. ಬಿಡಿಭಾಗಗಳ ಪೆಟ್ಟಿಗೆಯನ್ನು ಅಂಚೆಯಲ್ಲಿ ತರಿಸಿ ಮನೆಯಲ್ಲೇ ಜೋಡಿಸಿಕೊಳ್ಳಬೇಕಾಗಿದ್ದ ಯಂತ್ರ ಅದು. ಅದಕ್ಕೆ ಪರದೆಯಿಲ್ಲ, ಕೀಲಿಮಣೆಯಿಲ್ಲ. ಮುಂಭಾಗದಲ್ಲಿ ಸಾಲಾಗಿ ಸ್ವಿಚ್‌ಗಳು, ಸಾಲಾಗಿ ಪುಟ್ಟ ದೀಪಗಳು. ಸ್ಮರಣಕೋಶ 256 ಬೈಟು. ನೀವು ಕಳಿಸುವ ಸ್ವಲ್ಪ ಉದ್ದನೆಯ ಕನ್ನಡ ಸಂದೇಶಕ್ಕೂ ಅದು ಸಾಲದು. ಈ ಯಂತ್ರದಿಂದ ಏನು ಮಾಡಬಹುದು ಎಂಬುದು ಆ ಕೋಣೆಯಲ್ಲಿದ್ದ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಮೊದಲ ಸಭೆಯ ವಿಷಯವೂ ಅದೇ ಆಗಿತ್ತು: ಇದರಿಂದ ಏನು ಮಾಡಬಹುದು?

ಕೆಲವೇ ವಾರಗಳಲ್ಲಿ ಸ್ಟೀವ್ ಡೋಂಪಿಯರ್ ಎಂಬ ಸದಸ್ಯ ಒಂದು ಉತ್ತರ ತಂದ. ಆಲ್ಟೇರ್ ಕೆಲಸ ಮಾಡುವಾಗ ಪಕ್ಕದಲ್ಲಿದ್ದ ರೇಡಿಯೋ ಗೊರಗುಟ್ಟುವುದನ್ನು ಅವನು ಗಮನಿಸಿದ್ದ. ಬೇರೆಯವರಾಗಿದ್ದರೆ ರೇಡಿಯೋವನ್ನು ದೂರ ಸರಿಸುತ್ತಿದ್ದರು. ಅವನು, ಯಾವ ಆದೇಶ ಕೊಟ್ಟರೆ ಯಾವ ಸ್ವರ ಕೇಳುತ್ತದೆ ಎಂದು ಒಂದೊಂದಾಗಿ ಪರೀಕ್ಷಿಸಿ, ಆ ಗದ್ದಲದಿಂದಲೇ ಹಾಡು ನುಡಿಸುವ ಕಾರ್ಯಕ್ರಮ ಬರೆದ. ಸಭೆಯಲ್ಲಿ ರೇಡಿಯೋವನ್ನು ಯಂತ್ರದ ಮೇಲಿಟ್ಟು, ಸ್ವಿಚ್‌ಗಳನ್ನು ಒಂದೊಂದಾಗಿ ಒತ್ತಿ ಕಾರ್ಯಕ್ರಮವನ್ನು ಒಳಗೆ ತುಂಬಿ, ಹಾಡು ಕೇಳಿಸಿದ. ಸಂಗೀತ ಸಾಧಾರಣದ್ದೇ ಆಗಿದ್ದಿರಬೇಕು. ಆದರೂ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ‘ಕಂಪ್ಯೂಟರ್ ಮತ್ತು ಸಂಗೀತ’ ಎಂಬ ಉಪನ್ಯಾಸಕ್ಕೆ ಅಂಥ ಚಪ್ಪಾಳೆ ಬರುತ್ತಿತ್ತೆ?

ಈ ಕೂಟದ ಹೆಸರು ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್. ಮೊದಲ ಸಭೆಗೆ ಹಿಂಜರಿಯುತ್ತಲೇ ಬಂದಿದ್ದ ಸ್ಟೀವ್ ವೋಜ್ನಿಯಾಕ್ ಎಂಬ ತರುಣ, ಅಲ್ಲಿ ಸಿಕ್ಕ ಮೈಕ್ರೊಪ್ರೊಸೆಸರಿನ ವಿವರಪತ್ರವೊಂದನ್ನು ಮನೆಗೆ ಒಯ್ದು ಓದಿ, ತಾನೇ ಒಂದು ಕಂಪ್ಯೂಟರನ್ನು ರೂಪಿಸತೊಡಗಿದ. ಅದರ ಮಂಡಲ ಚಿತ್ರದ ಪ್ರತಿಗಳನ್ನು ಕೂಟದವರಿಗೆ ಹಂಚಿದ. 1976ರಲ್ಲಿ ಮಾರಾಟಕ್ಕೆ ಬಂದ ಆ ಯಂತ್ರವೇ ಆಪಲ್-1. ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಆ ಕೂಟದ ಸಭೆ ನಡೆಯುತ್ತಿದ್ದ ಕ್ರಮ.

ಸದಸ್ಯರ ಸಂಖ್ಯೆ ನೂರಾರಕ್ಕೆ ಏರಿ, ಸಭೆ ದೊಡ್ಡ ಸಭಾಂಗಣಕ್ಕೆ ಹೋದ ಮೇಲೆ ಅದನ್ನು ನಡೆಸುತ್ತಿದ್ದವನು ಲೀ ಫೆಲ್ಸೆನ್‌ಸ್ಟೈನ್. ಅವನು ಸಭೆಯನ್ನು ಎರಡು ಭಾಗ ಮಾಡಿದ. ಮೊದಲ ಭಾಗದಲ್ಲಿ ಯಾರು ಬೇಕಾದರೂ ಎದ್ದು ನಿಂತು ಚುಟುಕಾಗಿ ಹೇಳಬಹುದು: ನನ್ನ ಬಳಿ ಇಂಥದು ಇದೆ, ನನಗೆ ಇಂಥದು ಬೇಕು, ನಾನು ಇಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ಇಂಥ ಒಂದು ಸುದ್ದಿ ಕೇಳಿದೆ. ಚರ್ಚೆ ಇಲ್ಲ, ಉತ್ತರ ಇಲ್ಲ. ಯಾರ ಬಳಿ ಏನಿದೆ ಎಂಬ ನಕ್ಷೆ ಎಲ್ಲರ ತಲೆಯಲ್ಲೂ ಮೂಡಿದರೆ ಸಾಕು. ಎರಡನೆಯ ಭಾಗದಲ್ಲಿ ಎಲ್ಲರೂ ಎದ್ದು, ತಮಗೆ ಬೇಕಾದವರನ್ನು ಹುಡುಕಿಕೊಂಡು ಹೋಗಿ ಮಾತಾಡುವುದು, ಬಿಡಿಭಾಗ ಬದಲಾಯಿಸಿಕೊಳ್ಳುವುದು, ತಂದ ಯಂತ್ರ ತೋರಿಸುವುದು. 1986ರ ಡಿಸೆಂಬರ್‌ವರೆಗೆ ಆ ಕೂಟ ಸೇರುತ್ತಿತ್ತು. ಹನ್ನೊಂದು ವರ್ಷ ಹವ್ಯಾಸಿಗಳ ಕೂಟವೊಂದು ನಡೆಯುವುದು ಸಣ್ಣ ಮಾತಲ್ಲ.

ಈ ಕ್ರಮಕ್ಕೆ ದುಡ್ಡು ಬೇಕಾಗಿಲ್ಲ, ಸಭಾಂಗಣವೂ ಬೇಕಾಗಿಲ್ಲ. ಇದನ್ನು ‘ಇದೆ–ಬೇಕು’ ಎಂದು ಕರೆದು ನಿಮ್ಮ ಸಭೆಯ ಮೊದಲ ಹದಿನೈದು ನಿಮಿಷಕ್ಕೆ ಇಟ್ಟುಕೊಳ್ಳಿ. ‘ನಮ್ಮ ಮನೆಯಲ್ಲಿ ಕೆಟ್ಟುಹೋದ ಟ್ರಾನ್ಸಿಸ್ಟರ್ ರೇಡಿಯೋ ಇದೆ.’ ‘ನನಗೆ ಹಳೆಯ ಹೆಡ್‌ಫೋನ್ ಬೇಕು.’ ‘ನಮ್ಮ ಮಾವ ಕೇಬಲ್ ಟಿ.ವಿ. ಕೆಲಸ ಮಾಡುತ್ತಾರೆ, ಕರೆದರೆ ಬರುತ್ತಾರೆ.’ ‘ನಮ್ಮ ತೊಟ್ಟಿ ತುಂಬಿ ಹರಿದು ದಿನಾ ನೀರು ಪೋಲಾಗುತ್ತದೆ, ಏನಾದರೂ ಮಾಡಬಹುದೆ?’ ಕಾರ್ಯದರ್ಶಿ ಇದನ್ನೆಲ್ಲ ಹಲಗೆಯ ಮೇಲೆ ಎರಡು ಕಾಲಮಿನಲ್ಲಿ ಬರೆಯಲಿ. ಎರಡು ಸಭೆ ಕಳೆಯುವಷ್ಟರಲ್ಲಿ ಮುಂದಿನ ಆರು ತಿಂಗಳಿಗೆ ಆಗುವಷ್ಟು ವಿಷಯಗಳು ಆ ಹಲಗೆಯ ಮೇಲೆಯೇ ಇರುತ್ತವೆ. ಮೊದಮೊದಲು ಕಿರಿಯ ತರಗತಿಯವರು ಬಾಯಿ ಬಿಡುವುದಿಲ್ಲ. ಅವರಿಂದಲೇ ಪ್ರಾರಂಭಿಸಿ, ಹಿರಿಯರು ಮೊದಲು ಮಾತಾಡಿಬಿಟ್ಟರೆ ಅವರ ಸರದಿ ಬರುವುದೇ ಇಲ್ಲ.

ಹಲಗೆಯ ಮೇಲಿನ ಎಲ್ಲವೂ ಒಳ್ಳೆಯ ವಿಷಯವಾಗುವುದಿಲ್ಲ. ಆರಿಸುವಾಗ ನಾನು ಕೇಳಿಕೊಳ್ಳುವ ಪ್ರಶ್ನೆಗಳು ಸರಳ. ಆ ದಿನ ಮೇಜಿನ ಮೇಲೆ ಏನಿರುತ್ತದೆ? ಅಂದೇ ಹೊಸದಾಗಿ ಬಂದವನ ಕೈಗೆ ಹಿಡಿಯಲು ಏನು ಸಿಗುತ್ತದೆ? ಕೋಣೆಯಲ್ಲಿರುವ ಯಾರಿಗೂ ಮೊದಲೇ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆಯಾದರೂ ಅದರಲ್ಲಿದೆಯೆ? ಮೂರನೆಯದೇ ಕಷ್ಟದ್ದು. ‘ಪ್ರಯೋಗ ಮಾಡಿ ತೋರಿಸುತ್ತೇನೆ’ ಎನ್ನುವ ಅಧ್ಯಾಪಕರಿಗೆ ಉತ್ತರ ಗೊತ್ತಿರುತ್ತದೆ, ಹಿರಿಯ ವಿದ್ಯಾರ್ಥಿಗಳಿಗೆ ಪುಸ್ತಕದಲ್ಲಿ ಗೊತ್ತಿರುತ್ತದೆ. ಹಾಗಾದರೆ ಯಾರಿಗೂ ಗೊತ್ತಿಲ್ಲದ ಪ್ರಶ್ನೆಯನ್ನು ಎಲ್ಲಿಂದ ತರುವುದು?

ಎಲ್ಲರೂ ಬಲ್ಲ 555 ಟೈಮರಿನಿಂದಲೇ ತರಬಹುದು. ಹಾನ್ಸ್ ಕಾಮೆನ್ಸಿಂಡ್ ಎಂಬ ಸ್ವಿಸ್ ಮೂಲದ ಇಂಜಿನಿಯರ್ ರೂಪಿಸಿ, 1972ರಲ್ಲಿ ಮಾರುಕಟ್ಟೆಗೆ ಬಂದ ಈ ಎಂಟು ಕಾಲಿನ ಐ.ಸಿ. ಇಂದಿಗೂ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ದೀಪ ಮಿನುಗಿಸುವ ಮಂಡಲ ನಿಮ್ಮ ಪುಸ್ತಕದಲ್ಲೇ ಇರುತ್ತದೆ. ಎರಡು ರೆಸಿಸ್ಟರ್, ಒಂದು ಕೆಪಾಸಿಟರ್ ಅದರ ವೇಗವನ್ನು ನಿರ್ಧರಿಸುತ್ತವೆ. ಮೊದಲ ರೆಸಿಸ್ಟರಿನ ಬೆಲೆಗೆ ಎರಡನೆಯದರ ಎರಡರಷ್ಟನ್ನು ಕೂಡಿಸಿ, ಕೆಪಾಸಿಟರಿನ ಬೆಲೆಯಿಂದಲೂ 0.693ರಿಂದಲೂ ಗುಣಿಸಿದರೆ ಒಂದು ಮಿನುಗಿಗೆ ಹಿಡಿಯುವ ಸೆಕೆಂಡುಗಳು ಬರುತ್ತವೆ. ಮೊದಲನೆಯದು 10 ಕಿಲೋ ಓಮ್, ಎರಡನೆಯದು 68 ಕಿಲೋ ಓಮ್, ಕೆಪಾಸಿಟರ್ 10 ಮೈಕ್ರೊಫ್ಯಾರಡ್ ಎಂದಿಟ್ಟುಕೊಳ್ಳಿ. ಲೆಕ್ಕ ಮಾಡಿದರೆ ಸುಮಾರು 1.01 ಸೆಕೆಂಡು, ಅಂದರೆ ನಿಮಿಷಕ್ಕೆ 59 ಮಿನುಗು.

ಈಗ ಮೂವರು ಮೂವರಂತೆ ಆರು ಮೇಜುಗಳಲ್ಲಿ ಕೂತು, ಎಲ್ಲರೂ ಇದೇ ಮಂಡಲವನ್ನು ಬ್ರೆಡ್‌ಬೋರ್ಡಿನ ಮೇಲೆ ಜೋಡಿಸಿ. 9 ವೋಲ್ಟ್ ಬ್ಯಾಟರಿ, ಎಲ್.ಇ.ಡಿ.ಗೆ ಸರಣಿಯಲ್ಲಿ 470 ಓಮ್. ಒಬ್ಬರು ಗಡಿಯಾರ ಹಿಡಿದು ‘ಶುರು’ ಎನ್ನಲಿ, ಎಲ್ಲ ಮೇಜಿನವರೂ ಒಂದು ನಿಮಿಷ ಎಣಿಸಲಿ. ಆರು ಸಂಖ್ಯೆಗಳನ್ನು ಹಲಗೆಯ ಮೇಲೆ ಬರೆಯಿರಿ. ಒಂದು ಮೇಜಿನಲ್ಲಿ 55, ಇನ್ನೊಂದರಲ್ಲಿ 62, ಮತ್ತೊಂದರಲ್ಲಿ 66 ಹೀಗೆ ಬರುವುದು ಸಹಜ. ಒಂದೇ ಮಂಡಲ, ಒಂದೇ ಅಂಗಡಿಯ ಭಾಗಗಳು, ಆರು ಉತ್ತರ! ಸಭೆಯ ನಿಜವಾದ ವಿಷಯ ಈಗ ಪ್ರಾರಂಭವಾಗುತ್ತದೆ. ತಪ್ಪು ಎಣಿಸಿದ್ದೀರಿ ಎಂದು ಒಬ್ಬರು ಇನ್ನೊಬ್ಬರ ಮೇಲೆ ಹೇರುತ್ತಾರೆ. ಮತ್ತೆ ಎಣಿಸುತ್ತಾರೆ, ಅದೇ ಸಂಖ್ಯೆ ಬರುತ್ತದೆ. ಬ್ಯಾಟರಿ ಹಳೆಯದು ಎನ್ನುತ್ತಾರೆ. ಬ್ಯಾಟರಿ ಬದಲಾಯಿಸಿದರೂ ಸಂಖ್ಯೆ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಆಗ ಯಾರಾದರೊಬ್ಬರಿಗೆ ಹೊಳೆಯುತ್ತದೆ: ನಿಧಾನದ ಮೇಜಿನ ಕೆಪಾಸಿಟರನ್ನು ಬೇಗದ ಮೇಜಿಗೆ ಕೊಟ್ಟು, ಅವರದನ್ನು ಇವರು ತೆಗೆದುಕೊಂಡರೆ? ಹಾಗೆ ಮಾಡಿದಾಗ ನಿಧಾನವೂ ಕೆಪಾಸಿಟರಿನ ಜೊತೆಯಲ್ಲೇ ಆ ಮೇಜಿಗೆ ಹೋದರೆ ಕಳ್ಳ ಸಿಕ್ಕಿದ ಹಾಗೆ. ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಮೈಮೇಲೆ 10 ಎಂದಿದ್ದರೂ ಅದು ಸಾಮಾನ್ಯವಾಗಿ ಶೇಕಡಾ 20ರಷ್ಟು ಹೆಚ್ಚೋ ಕಡಿಮೆಯೋ ಇರಬಹುದು. ಆ ಲೆಕ್ಕದಲ್ಲಿ ನಿಮಿಷಕ್ಕೆ 49ರಿಂದ 74ರವರೆಗೆ ಎಷ್ಟು ಬಂದರೂ ತಯಾರಕ ಮಾತಿಗೆ ತಪ್ಪಿದಂತಲ್ಲ. ರೆಸಿಸ್ಟರಿನ ಚಿನ್ನದ ಬಣ್ಣದ ಪಟ್ಟೆ ಶೇಕಡಾ 5 ಎಂದು ಹೇಳುವುದನ್ನು ನೀವು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೀರಿ. ಆ ಪಟ್ಟೆ ಏಕೆ ಇದೆ ಎಂಬುದು ಈ ಸಂಜೆ ತಿಳಿಯುತ್ತದೆ.

ಮೂವರ ಗುಂಪು ಎಂದೆ. ಇದರ ಬಗ್ಗೆ ಒಂದು ಮಾತು ಹೇಳಲೇಬೇಕು. ಐದಾರು ಜನರ ಗುಂಪು ಮಾಡಿದರೆ ಇಬ್ಬರು ಕೆಲಸ ಮಾಡುತ್ತಾರೆ, ಉಳಿದವರು ಬಗ್ಗಿ ನೋಡುತ್ತಾರೆ. ಹುಡುಗ ಹುಡುಗಿಯರು ಒಟ್ಟಿಗಿರುವ ಗುಂಪಿನಲ್ಲಿ ಸಾಲ್ಡರಿಂಗ್ ಐರನ್ ಹುಡುಗನ ಕೈಗೂ ನೋಟ್‌ಪುಸ್ತಕ ಹುಡುಗಿಯ ಕೈಗೂ ಯಾರೂ ಹೇಳದೆಯೇ ಹೋಗಿಬಿಡುತ್ತವೆ. ಅವಳ ಅಕ್ಷರ ಚೆನ್ನಾಗಿದೆ ಎಂಬ ಕಾರಣ ಬೇರೆ! ವರ್ಷದ ಕೊನೆಗೆ ಅವಳ ಅಕ್ಷರ ಇನ್ನೂ ಚೆನ್ನಾಗಿರುತ್ತದೆ, ಬೆಸುಗೆ ಹಾಕಲು ಮಾತ್ರ ಬರುವುದಿಲ್ಲ. ಆದ್ದರಿಂದ ಮೂವರಲ್ಲಿ ಒಬ್ಬರು ಕೈಕೆಲಸ ಮಾಡುವವರು, ಒಬ್ಬರು ಚಿತ್ರ ನೋಡಿ ಹೇಳುವವರು, ಒಬ್ಬರು ಬರೆದಿಡುವವರು ಎಂದು ಗೊತ್ತುಮಾಡಿ, ಪ್ರತಿ ಸಭೆಗೂ ಕೆಲಸ ಬದಲಾಗಬೇಕೆಂದು ನಿಯಮ ಮಾಡಿ. ನಿಯಮ ಎಂದರೆ ನಿಯಮ. ‘ಇವತ್ತೊಂದು ದಿನ ಅವನೇ ಮಾಡಲಿ, ಬೇಗ ಆಗುತ್ತದೆ’ ಎನ್ನುವಂತಿಲ್ಲ. ಬೇಗ ಆಗಲಿ ಎಂದು ನಾವು ಸೇರಿದ್ದಲ್ಲ.

ಪುಸ್ತಕದಲ್ಲಿರುವ ಪ್ರಯೋಗ ನಿಮ್ಮ ಊರಿಗೆ ಹೊಂದುತ್ತದೆಯೆ ಎಂದೂ ನೋಡಬೇಕು. ಹವ್ಯಾಸಿಗಳ ಹಳೆಯ ಪುಸ್ತಕಗಳಲ್ಲಿ ಮೊದಲ ಪಾಠ ಬ್ಯಾಟರಿ ಇಲ್ಲದ ಕ್ರಿಸ್ಟಲ್ ರೇಡಿಯೋ. ಉದ್ದನೆಯ ತಂತಿ, ಸುರುಳಿ, ಒಂದು ಜರ್ಮೇನಿಯಂ ಡಯೋಡ್, ಸೂಕ್ಷ್ಮವಾದ ಇಯರ್‌ಫೋನ್, ಇಷ್ಟೇ. ಆದರೆ ಇದು ಮಧ್ಯಮ ತರಂಗದ ಪ್ರಸಾರವನ್ನು ಹಿಡಿಯುವ ಸಾಧನ. ಇತ್ತೀಚಿನ ವರ್ಷಗಳಲ್ಲಿ ದೇಶದ ಅನೇಕ ಮಧ್ಯಮ ತರಂಗ ಪ್ರೇಷಕಗಳನ್ನು ನಿಲ್ಲಿಸಿ ಎಫ್.ಎಂ.ಗೆ ಬದಲಾಯಿಸಲಾಗಿದೆ. ನಿಮ್ಮ ಊರಿನಲ್ಲಿ ಸಾಮಾನ್ಯ ರೇಡಿಯೋದಲ್ಲೇ ಮಧ್ಯಮ ತರಂಗದ ಯಾವ ಕೇಂದ್ರವೂ ಗಟ್ಟಿಯಾಗಿ ಕೇಳದಿದ್ದರೆ, ಇಪ್ಪತ್ತು ಮಕ್ಕಳಿಂದ ಸುರುಳಿ ಸುತ್ತಿಸಿ ಕೊನೆಗೆ ಮೌನ ಕೇಳಿಸಿದಂತಾಗುತ್ತದೆ. ಮೊದಲು ನೀವೊಬ್ಬರು ಮಾಡಿ ನೋಡಿ. ಜರ್ಮೇನಿಯಂ ಸಿಗದೆ ಅಂಗಡಿಯವರು ಸಿಲಿಕಾನ್ ಡಯೋಡ್ ಕೊಟ್ಟರೆ ಅದೂ ಆಗದು. ಜರ್ಮೇನಿಯಂ ಸುಮಾರು 0.2 ವೋಲ್ಟಿಗೇ ದಾರಿ ಬಿಡುತ್ತದೆ, ಸಿಲಿಕಾನಿಗೆ 0.6 ಬೇಕು, ತಂತಿಯಲ್ಲಿ ಬರುವ ಅಲೆಗೆ ಅಷ್ಟು ಶಕ್ತಿ ಇರುವುದು ಅಪರೂಪ.

ರೇಡಿಯೋ ಎಂದಾಗ ನಮ್ಮ ಮೈಸೂರು ನೆನಪಾಗದೆ ಇರದು. 1935ರಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ 30 ವಾಟ್ ಪ್ರೇಷಕವನ್ನಿಟ್ಟು ಪ್ರಸಾರ ಪ್ರಾರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಬಳಕೆಗೆ ಬಂದದ್ದು ಆ ಕೇಂದ್ರದಿಂದ. ಗೋಪಾಲಸ್ವಾಮಿಯವರು ರೇಡಿಯೋ ಇಂಜಿನಿಯರ್ ಅಲ್ಲ, ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಕಲಾ ವಿಭಾಗದವರನ್ನು ನಿಮ್ಮ ಕೂಟಕ್ಕೆ ಸೇರಿಸಬೇಕೆ ಎಂಬ ಚರ್ಚೆ ಬಂದಾಗ ಇದನ್ನು ಹೇಳಿ. ಒಂದು ಎಚ್ಚರಿಕೆ: ಇಂದು ನೀವು ಹಾಗೆ ಮನೆಯಲ್ಲೇ ಪ್ರಸಾರ ಮಾಡುವಂತಿಲ್ಲ. ಅಲೆ ಕಳಿಸುವುದಕ್ಕೆ ಕೇಂದ್ರ ಸರ್ಕಾರ ಪರೀಕ್ಷೆ ನಡೆಸಿ ಕೊಡುವ ಹವ್ಯಾಸಿ ರೇಡಿಯೋ ಪರವಾನಗಿ ಬೇಕು. ಆ ಪರೀಕ್ಷೆಗೆ ಒಟ್ಟಾಗಿ ಓದುವುದೇ ಒಂದು ವರ್ಷದ ಒಳ್ಳೆಯ ಚಟುವಟಿಕೆ. ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಹ್ಯಾಮ್‌ಸ್ಯಾಟ್ ಸಾಕ್ಷಿ. 2005ರ ಮೇ 5ರಂದು ಇಸ್ರೊ ಹಾರಿಸಿದ ಈ ಪುಟ್ಟ ಉಪಗ್ರಹದಲ್ಲಿ ಹವ್ಯಾಸಿಗಳಿಗಾಗಿ ಎರಡು ಟ್ರಾನ್ಸ್‌ಪಾಂಡರ್‌ಗಳಿದ್ದವು. ಒಂದನ್ನು ಭಾರತದಲ್ಲಿ ತಯಾರಿಸಿದರೆ, ಇನ್ನೊಂದನ್ನು ಮಾಡಿದ್ದು ನೆದರ್‌ಲ್ಯಾಂಡ್ಸಿನ ಒಬ್ಬ ಹವ್ಯಾಸಿ. 2014ರವರೆಗೆ ಅದು ಕೆಲಸ ಮಾಡಿತು.

ನಿಮ್ಮದು ಕಂಪ್ಯೂಟರ್ ಸಂಘವಾದರೆ ಬಿಡಿಭಾಗದ ಖರ್ಚಿಲ್ಲ, ಆದರೆ ಬೇರೆ ತೊಂದರೆ ಇದೆ. ಪ್ರತಿಯೊಬ್ಬರೂ ತಮ್ಮ ತಮ್ಮ ಪರದೆಯೊಳಗೆ ಮುಳುಗಿ, ಸಭೆ ಸಭೆಯಾಗಿ ಉಳಿಯುವುದಿಲ್ಲ. ಎಲ್ಲರೂ ಒಟ್ಟಿಗೆ ತಲೆಕೆಡಿಸಿಕೊಳ್ಳುವಂಥ ಒಂದೇ ಸಮಸ್ಯೆ ಬೇಕು. ಕನ್ನಡದಲ್ಲೇ ಅಂಥದೊಂದಿದೆ. ‘ವಿಕಟಕವಿ’ ಎಂಬ ಪದವನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಎಂದು ತೆನಾಲಿ ರಾಮಕೃಷ್ಣನ ಕಥೆ ಕೇಳಿದ ಮಗುವಿಗೂ ಗೊತ್ತು. ಪದವನ್ನು ತಿರುಗಿಸಿ, ಮೊದಲಿನಂತೆಯೇ ಇದೆಯೆ ಎಂದು ಹೇಳುವ ಕಾರ್ಯಕ್ರಮವನ್ನು ನಾಲ್ಕು ಸಾಲಿನಲ್ಲಿ ಬರೆಯಬಹುದು. ‘ಕನಕ’ ಕೊಡಿ, ಹೌದು ಎನ್ನುತ್ತದೆ. ‘ನಯನ’, ಹೌದು. ‘ವಿಕಟಕವಿ’ ಕೊಡಿ, ಅಲ್ಲ ಎನ್ನುತ್ತದೆ!

ಕಾರಣ ಹುಡುಕುತ್ತಾ ಹೋದರೆ ಒಂದು ಸಂಜೆ ಸಾಲದು. ಯೂನಿಕೋಡ್ ವ್ಯವಸ್ಥೆಯಲ್ಲಿ ‘ವಿ’ ಎಂಬುದು ಒಂದು ಸಂಕೇತವಲ್ಲ, ‘ವ’ ಒಂದು, ಗುಡಿಸು ಇನ್ನೊಂದು. ಯಂತ್ರ ಸಂಕೇತಗಳನ್ನು ಹಿಂದುಮುಂದಾಗಿಸಿದಾಗ ಕೊನೆಯ ಗುಡಿಸು ಮೊದಲಿಗೆ ಬಂದು ಹಿಡಿಯಲು ಅಕ್ಷರವಿಲ್ಲದೆ ಅನಾಥವಾಗುತ್ತದೆ, ಮೊದಲ ‘ವಿ’ಯ ಗುಡಿಸು ಹೋಗಿ ಪಕ್ಕದ ‘ಕ’ಕ್ಕೆ ಅಂಟಿ ‘ಕಿ’ ಆಗುತ್ತದೆ. ಹಾಗಾದರೆ ಅಕ್ಷರ ಎಂದರೇನು? ‘ಕರ್ನಾಟಕ’ದಲ್ಲಿ ನಮ್ಮ ಕಣ್ಣಿಗೆ ಕಾಣುವುದು ನಾಲ್ಕು ಅಕ್ಷರ, ಯಂತ್ರದ ಲೆಕ್ಕದಲ್ಲಿ ಏಳು ಸಂಕೇತ, ಯು.ಟಿ.ಎಫ್.-8 ರೂಪದಲ್ಲಿ 21 ಬೈಟು. ‘ಸ್ತ್ರೀ’ ಒಂದೇ ಅಕ್ಷರ, ಆರು ಸಂಕೇತ, 18 ಬೈಟು. ಪ್ರತಿಯೊಬ್ಬರೂ ತಮ್ಮ ಹೆಸರಿನಲ್ಲಿ ಎಷ್ಟು ಸಂಕೇತ ಇವೆ ಎಂದು ಮೊದಲು ಕಾಗದದ ಮೇಲೆ ಲೆಕ್ಕ ಹಾಕಿ, ಆಮೇಲೆ ಯಂತ್ರವನ್ನು ಕೇಳಲಿ. ಇಡೀ ಕೋಣೆಯಲ್ಲಿ ಒಂದೇ ಕಂಪ್ಯೂಟರ್ ಇದ್ದರೂ ಈ ಸಭೆ ನಡೆಯುತ್ತದೆ. ಕಾಗುಣಿತ, ಒತ್ತಕ್ಷರಗಳನ್ನು ಒಡೆಯದೆ ತಿರುಗಿಸುವ ಕಾರ್ಯಕ್ರಮ ಬರೆಯುವುದು ಮುಂದಿನ ಸಭೆಗೆ. ಇಲ್ಲಿ ಕನ್ನಡ ಅಧ್ಯಾಪಕರನ್ನು ಕರೆಯಿರಿ. ಅಕ್ಷರದ ವಿಷಯದಲ್ಲಿ ಅವರು ಕೇಳುವ ಪ್ರಶ್ನೆಗಳು ನಿಮಗೆ ಹೊಳೆದಿರುವುದಿಲ್ಲ.

ಊರಿಗೆ ಉಪಯೋಗವಾಗುವ ಕೆಲಸ ಮಾಡಬೇಕು ಎಂಬ ಉತ್ಸಾಹ ನಿಮ್ಮಲ್ಲಿ ಇದ್ದೇ ಇರುತ್ತದೆ. ಅದಕ್ಕೆ ದುರಸ್ತಿಯ ದಿನಕ್ಕಿಂತ ಒಳ್ಳೆಯದು ನನಗೆ ತಿಳಿಯದು. ನೆದರ್‌ಲ್ಯಾಂಡ್ಸಿನ ಆಮ್‌ಸ್ಟರ್‌ಡ್ಯಾಮಿನಲ್ಲಿ ಮಾರ್ಟಿನ್ ಪೋಸ್ಟ್ಮಾ ಎಂಬ ಪತ್ರಕರ್ತೆ 2009ರ ಅಕ್ಟೋಬರ್‌ನಲ್ಲಿ ಇಂಥ ಕೂಟವನ್ನು ‘ರಿಪೇರ್ ಕೆಫೆ’ ಎಂಬ ಹೆಸರಿನಲ್ಲಿ ಪ್ರಾರಂಭಿಸಿದಳು. ಬೆಂಗಳೂರಿನಲ್ಲೂ 2015ರಲ್ಲಿ ಅದು ಪ್ರಾರಂಭವಾಯಿತು. ಜನ ಕೆಟ್ಟ ಸಾಮಾನು ತರುತ್ತಾರೆ, ಬಲ್ಲವರ ಪಕ್ಕದಲ್ಲಿ ಕೂತು ಇಬ್ಬರೂ ಸೇರಿ ಬಿಚ್ಚಿ ನೋಡುತ್ತಾರೆ. ‘ಪಕ್ಕದಲ್ಲಿ ಕೂತು’ ಎಂಬುದನ್ನು ಬಿಡಬೇಡಿ. ಸಾಮಾನು ಬಿಟ್ಟು ಹೋಗಿ ಸಂಜೆ ಬರುತ್ತೇನೆ ಎನ್ನುವವರಿಗೆ ಊರಿನಲ್ಲಿ ಅಂಗಡಿ ಇದೆ, ಆ ಅಂಗಡಿಯವನ ಹೊಟ್ಟೆಯ ಮೇಲೆ ನಾವು ಹೊಡೆಯಬಾರದು. ಬದಲಿಗೆ ಅವನನ್ನೇ ಮೊದಲ ದಿನ ಗುರುವಾಗಿ ಕರೆಯಿರಿ. ಭಾಷಣ ಮಾಡಿ ಎಂದರೆ ಬರಲು ಹಿಂಜರಿದಾನು. ಸತ್ತ ರೇಡಿಯೋ ಒಂದನ್ನು ಮುಂದಿಟ್ಟು, ಮೊದಲು ಎಲ್ಲಿ ಮುಟ್ಟುತ್ತೀರಿ ಎಂದು ಕೇಳಿದರೆ ಎರಡು ಗಂಟೆ ಹೋದದ್ದು ಗೊತ್ತಾಗುವುದಿಲ್ಲ. ಬ್ಯಾಟರಿಯ ಸಾಮಾನುಗಳಲ್ಲಿ ಬಹಳ ಸಲ ಕೆಟ್ಟಿರುವುದು ಐ.ಸಿ. ಅಲ್ಲ. ಬ್ಯಾಟರಿ ಸೋರಿ ಹಸಿರು ಪುಡಿ ಕಟ್ಟಿದ ಸ್ಪ್ರಿಂಗು, ಬೆಸುಗೆಯ ಬುಡದಲ್ಲಿ ತುಂಡಾದ ತಂತಿ, ಸವೆದ ಸ್ವಿಚ್ಚು. ಯಾವ ಸಾಮಾನು, ಏನು ದೂರು, ಬಿಚ್ಚಿದಾಗ ಏನು ಕಂಡಿತು, ಸರಿಹೋಯಿತೇ ಇಲ್ಲವೇ ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಸರಿಹೋಗದವನ್ನು ಇನ್ನೂ ವಿವರವಾಗಿ ಬರೆಯಿರಿ. ಮುಂದಿನ ವರ್ಷದವರಿಗೆ ಅವೇ ಹೆಚ್ಚು ಬೇಕಾಗುತ್ತವೆ.

ಆದರೆ ಗೋಡೆಯ ಪ್ಲಗ್ಗಿಗೆ ಹಾಕುವ ಯಾವುದನ್ನೂ ವಿದ್ಯಾರ್ಥಿಗಳಷ್ಟೇ ಸೇರಿ ಬಿಚ್ಚಬಾರದು. 230 ವೋಲ್ಟ್ ಜೊತೆ ಹವ್ಯಾಸ ಬೇಡ. ಗಾಜಿನ ಚಿತ್ರನಳಿಕೆಯ ಹಳೆಯ ಟಿ.ವಿ.ಯಲ್ಲಿ ಪ್ಲಗ್ ತೆಗೆದ ಮೇಲೂ ಸಾವಿರಾರು ವೋಲ್ಟ್ ಉಳಿದಿರಬಹುದು, ಅದನ್ನು ಮುಟ್ಟಲೇಬೇಡಿ. ಉಬ್ಬಿದ ಮೊಬೈಲ್ ಬ್ಯಾಟರಿಯನ್ನು ಚುಚ್ಚಿದರೆ ಬೆಂಕಿ ಹತ್ತುತ್ತದೆ. ಬೆಸುಗೆ ಹಾಕುವಾಗ ಕಿಟಕಿ ತೆರೆದಿರಲಿ. ಬೆಸುಗೆಯಲ್ಲಿ ಸೀಸವಿರಬಹುದು, ಕೈ ತೊಳೆಯದೆ ಬೋಂಡಾಕ್ಕೆ ಕೈ ಹಾಕಬೇಡಿ.

ತೊಟ್ಟಿ ತುಂಬಿ ಹರಿಯುವ ಸಮಸ್ಯೆಯನ್ನು ಮರೆತಿಲ್ಲ. ನೀರಿನ ಮಟ್ಟ ಮುಟ್ಟಿದಾಗ ಗಂಟೆ ಬಾರಿಸುವ ಮಂಡಲ ಒಂದು ಬಿಸಿ 547 ಟ್ರಾನ್ಸಿಸ್ಟರಿನಲ್ಲೇ ಆಗುತ್ತದೆ, ಒಂದೇ ಸಭೆಯಲ್ಲಿ ಮುಗಿಯುತ್ತದೆ, ಎಲ್ಲರೂ ಸಂತೋಷದಿಂದ ಮನೆಗೆ ಹೋಗುತ್ತಾರೆ. ಕೆಲವು ವಾರಗಳ ಮೇಲೆ ಗಂಟೆ ಬಾರಿಸುವುದಿಲ್ಲ. ಹತ್ತಿ ನೋಡಿದರೆ ನೀರಿನಲ್ಲಿದ್ದ ತಾಮ್ರದ ತಂತಿಗಳಲ್ಲಿ ಧನ ತುದಿಯದು ತಿಂದುಹೋಗಿರುತ್ತದೆ. ರಸಾಯನಶಾಸ್ತ್ರದ ವಿದ್ಯುದ್ವಿಭಜನೆಯ ಪಾಠ ನಿಮ್ಮ ತೊಟ್ಟಿಯಲ್ಲೇ ನಡೆದಿದೆ. ಒಂದು ಗುಂಡಿ ಒತ್ತಿದಾಗ ಮಾತ್ರ ವಿದ್ಯುತ್ ಹರಿಯುವಂತೆ ಮಾಡುವುದೋ, ತಂತಿಯ ಬದಲು ಸ್ಟೇನ್‌ಲೆಸ್ ಸ್ಟೀಲ್ ಹಾಕುವುದೋ, ತೇಲುವ ಬೆಂಡು ಕಟ್ಟಿ ಸ್ವಿಚ್ಚನ್ನು ನೀರಿನಿಂದಲೇ ಹೊರಗಿಡುವುದೋ? ಒಂದೊಂದು ಗುಂಪು ಒಂದೊಂದನ್ನು ಮಾಡಿ, ಮೂರು ತೊಟ್ಟಿಗಳಿಗೆ ಹಾಕಿ, ಮಳೆಗಾಲ ಮುಗಿಯುವವರೆಗೆ ಬಿಟ್ಟು ನೋಡಲಿ. ಒಂದು ಸಂಜೆಯ ವಿಷಯ ಆರು ತಿಂಗಳಿಗೆ ಬೆಳೆಯಿತು.

ಹೊರಸಂಚಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವಾಗಲಿ, ಮಂಗಳೂರಿನ ಪಿಲಿಕುಳದ ವಿಜ್ಞಾನ ಕೇಂದ್ರವಾಗಲಿ, ನಿಮ್ಮೂರ ವಿದ್ಯುತ್ ಉಪಕೇಂದ್ರವಾಗಲಿ, ಹೋಗುವ ಮೊದಲು ಒಬ್ಬೊಬ್ಬರೂ ಎರಡು ಪ್ರಶ್ನೆ ಬರೆದುಕೊಂಡು ಹೋಗದಿದ್ದರೆ ಅದು ಬರೀ ಪ್ರವಾಸ.

ಕಾಲೇಜಿನವರಿಗೆ ದೊಡ್ಡ ಯೋಜನೆಯ ಹಂಬಲ ಇರುತ್ತದೆ, ಇರಲಿ. 2010ರ ಜುಲೈ 12ರಂದು ಪಿ.ಎಸ್.ಎಲ್.ವಿ. ಮೇಲೇರಿದ ಸ್ಟಡ್‌ಸ್ಯಾಟ್ ಒಂದು ಕಿಲೋಗಿಂತ ಕಡಿಮೆ ತೂಕದ ಉಪಗ್ರಹ. ಕರ್ನಾಟಕ ಮತ್ತು ಆಂಧ್ರದ ಏಳು ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಸೇರಿ ಮಾಡಿದ್ದು. ಅಂಥ ಕೆಲಸದಲ್ಲಿ ವಿದ್ಯುತ್ ಪೂರೈಕೆ, ಸಂಪರ್ಕ, ಚೌಕಟ್ಟು ಎಂದು ಗುಂಪುಗಳಾಗಿ ಹಂಚಿಕೊಳ್ಳುವುದು ಅನಿವಾರ್ಯ. ನಿಮ್ಮ ಯೋಜನೆಯಲ್ಲಿ ಅಂತಿಮ ವರ್ಷದವರೇ ಎಲ್ಲ ಗುಂಪುಗಳ ಮುಖ್ಯಸ್ಥರಾಗಿದ್ದರೆ, ಅವರು ಮೇ ತಿಂಗಳಲ್ಲಿ ಊರಿಗೆ ಹೋದಾಗ ಯೋಜನೆಯೂ ಅವರ ಟ್ರಂಕಿನಲ್ಲಿ ಹೋಗುತ್ತದೆ. ಪ್ರತಿ ಗುಂಪಿನಲ್ಲೂ ಮೊದಲ ವರ್ಷದವರು ಒಬ್ಬರಾದರೂ ಇರಲಿ, ಬರಿಯ ಪ್ರೇಕ್ಷಕರಾಗಿ ಅಲ್ಲ.

ಎಲ್ಲ ಸಭೆಯಲ್ಲೂ ಕೈಕೆಲಸವೇ ಇರಬೇಕೆಂದಿಲ್ಲ. ವರ್ಷಕ್ಕೊಮ್ಮೆ ಒಳ್ಳೆಯ ಜಗಳವೂ ಬೇಕು. ಆಲ್ಟೇರ್ ಯಂತ್ರಕ್ಕೆ ಬೇಸಿಕ್ ಭಾಷೆಯನ್ನು ಅಳವಡಿಸಿದ್ದ ಬಿಲ್ ಗೇಟ್ಸ್, ಹವ್ಯಾಸಿಗಳು ಅದನ್ನು ಹಣ ಕೊಡದೆ ನಕಲು ಮಾಡಿಕೊಳ್ಳುತ್ತಿದ್ದಾರೆಂದು 1976ರಲ್ಲಿ ಬಹಿರಂಗ ಪತ್ರ ಬರೆದರು. ಆ ಪತ್ರ ಹೋಮ್‌ಬ್ರೂ ಕೂಟದ ಪತ್ರಿಕೆಯಲ್ಲೂ ಅಚ್ಚಾಯಿತು. ದುಡಿದವನಿಗೆ ಕೂಲಿ ಬೇಡವೆ ಎಂಬುದು ಅವರ ವಾದ. ಹಂಚಿಕೊಳ್ಳದಿದ್ದರೆ ಕೂಟವೇಕೆ ಎಂಬುದು ಇನ್ನೊಂದು ವಾದ. ನಿಮ್ಮ ಸಂಘದ ಕಂಪ್ಯೂಟರಿನಲ್ಲಿರುವ ತಂತ್ರಾಂಶಗಳ ಪಟ್ಟಿಯನ್ನು ಎದುರಿಗಿಟ್ಟುಕೊಂಡು, ಯಾವುದಕ್ಕೆ ಹಣ ಕೊಟ್ಟಿದೆ, ಯಾವುದು ಮುಕ್ತ, ಯಾವುದು ಕದ್ದದ್ದು ಎಂದು ಗುರುತು ಹಾಕುತ್ತಾ ಈ ಚರ್ಚೆ ಮಾಡಿ. ಬಿಸಿ ಏರದಿದ್ದರೆ ಹೇಳಿ.

ಕೊನೆಯ ಹತ್ತು ನಿಮಿಷ ಮುಂದಿನ ಸಭೆಗೆ ಮೀಸಲು. ‘ಇದೆ–ಬೇಕು’ ಹಲಗೆಯಿಂದ ಒಂದು ವಿಷಯ ಆರಿಸಿ. ಯಾರು ಏನು ತರುತ್ತಾರೆ ಎಂಬುದನ್ನು ಹೆಸರು ಸಹಿತ ಬರೆಯಿರಿ. ‘ಯಾರಾದರೂ ತಂದಾರು’ ಎಂದುಕೊಂಡದ್ದನ್ನು ಯಾರೂ ತರುವುದಿಲ್ಲ. ಕರೆಂಟು ಹೋದರೆ ಏನು ಮಾಡುವುದೆಂದೂ ಯೋಚಿಸಿಡಿ. ಐದು ಗಂಟೆಯ ಬಸ್ಸಿಗೆ ಹೋಗಬೇಕಾದವರು ಎಷ್ಟು ಜನ ಎಂದು ಕೈ ಎತ್ತಿಸಿ ಎಣಿಸಿ, ಸಭೆಯ ಹೊತ್ತನ್ನು ಅವರಿಗೆ ಹೊಂದುವಂತೆ ಇಟ್ಟುಕೊಳ್ಳಿ. ಇವಿಷ್ಟನ್ನೂ ಸೋಮವಾರ ಬೆಳಿಗ್ಗೆಯೇ ಸೂಚನಾ ಫಲಕಕ್ಕೆ ಹಚ್ಚಿ. ಅಧ್ಯಕ್ಷರ ಹೆಸರಿಗಿಂತ ವಿಷಯದ ಹೆಸರು ದಪ್ಪಕ್ಷರದಲ್ಲಿರಲಿ, ಕೆಳಗೆ ‘ಬರುವಾಗ ಒಂದು ಸ್ಕ್ರೂಡ್ರೈವರ್ ತನ್ನಿ’ ಎಂದು ಸೇರಿಸಿ.